ಗೋಡೆಪತ್ರಿಕೆಗೆ ಗಂಡು–ಹೆಣ್ಣೆಂಬ ಬೇಲಿ ಬೇಡ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬಂಧುಗಳೇ,

ನಮ್ಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಹಿಳೆಯರ ಗೋಡೆಪತ್ರಿಕೆ ಶುರುವಾಗಲಿ. ಅದರಲ್ಲಿ ದೇವಿಗೆ ಮುಡಿಪಾಗಿ ಸೀರೆಯುಟ್ಟು ಬಾಳುವ ಜೋಗಪ್ಪಗಳೂ ಇತರ ಲಿಂಗತ್ವ ಅಲ್ಪಸಂಖ್ಯಾತರೂ ಬರೆಯಲಿ. “ಹೆಂಗಸರ ಪತ್ರಿಕೆಯಾಗ ಅವರಿಗೇನು ಕೆಲಸ?” ಅನ್ನುವವರಿಗಾಗಿ ಈ ಕರಪತ್ರ.

1916ರಲ್ಲಿ ಇಂಗ್ಲೆಂಡಿನಲ್ಲಿ ‘ಯುರೇನಿಯಾ’ ಎಂಬ ಪುಟ್ಟ ಪತ್ರಿಕೆ ಹುಟ್ಟಿತು. ಅದನ್ನು ಹೊರಡಿಸಿದವರಲ್ಲಿ ಈವಾ ಗೋರ್-ಬೂತ್, ಎಸ್ತರ್ ರೋಪರ್ ಇಬ್ಬರೂ ಮ್ಯಾಂಚೆಸ್ಟರಿನ ಗಿರಣಿ ಹೆಂಗಸರನ್ನು ಸಂಘಟಿಸಿದವರು, ಮತದಾನದ ಹಕ್ಕಿಗೆ ಬಡಿದಾಡಿದವರು. ಜೊತೆಗಿದ್ದ ಐರೀನ್ ಕ್ಲೈಡ್‌ ಅವರನ್ನು ಲೋಕ ಥಾಮಸ್ ಬೇಟಿ ಎಂಬ ವಕೀಲರೆಂದು ಬಲ್ಲದು. ಮನುಷ್ಯರನ್ನು ಗಂಡು, ಹೆಣ್ಣು ಎಂದು ವಿಂಗಡಿಸುವುದೇ ತಪ್ಪೆಂಬುದು ಪತ್ರಿಕೆಯ ನಿಲುವು. ಗಂಡಾಗಿ ಬಾಳಿದ ಹೆಣ್ಣುಗಳ ಸುದ್ದಿಯನ್ನು ದೇಶದೇಶದ ಪತ್ರಿಕೆಗಳಿಂದ ಆಯ್ದು ಅಚ್ಚುಹಾಕಿ, ಕೇಳಿದವರಿಗೆ ಪುಕ್ಕಟೆ ಹಂಚುತ್ತಿದ್ದರು. ಕೆಲ ಸಂಚಿಕೆಗಳು ಅಚ್ಚಾದದ್ದು ನಮ್ಮ ಮುಂಬಯಿಯಲ್ಲಿ! 1940ರವರೆಗೂ ನಡೆಸಿದರು.

ಹೆಚ್ಚುಕಡಿಮೆ ‘ಯುರೇನಿಯಾ’ ಹುಟ್ಟಿದ ಹೊತ್ತಿಗೇ ನಂಜನಗೂಡಿನ ತಿರುಮಲಾಂಬ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಅವರೇನೂ ಗಂಡು–ಹೆಣ್ಣಿನ ಗೆರೆ ಅಳಿಸಲಿಲ್ಲ, ಪಾತಿವ್ರತ್ಯವನ್ನು ಹೊಗಳಿ ಬರೆದದ್ದೂ ಉಂಟು. ಆದರೆ ಬಾಲವಿಧವೆ ಮೂಲೆ ಸೇರಬೇಕೆಂಬ ಕಾಲದಲ್ಲಿ, ಬಾಲವಿಧವೆಯಾದ ಅವರು ಸಂಪಾದಕಿಯ ಕುರ್ಚಿಯಲ್ಲಿ ಕೂತರು. ಅದು ಸಣ್ಣ ಮಾತಲ್ಲ.

ಗಂಡು–ಹೆಣ್ಣೆಂಬ ಬೇಲಿ ಬೇಡವೆನ್ನುವುದನ್ನು ಪರದೇಶದ ಗಾಳಿ ಎನ್ನಬೇಡಿ. ಕೃಷ್ಣೆ ದಾಟಿದರೆ ವಚನಕಾರ ದಾಸಿಮಯ್ಯನ ಮುದನೂರು. ಮೊಲೆ, ಮೀಸೆ ನೋಡಿ ಮನುಷ್ಯರನ್ನು ಅಳೆಯುವವರನ್ನು ಅವನು ಯಾವತ್ತೋ ಪ್ರಶ್ನಿಸಿದ್ದಾನೆ. ಹುಲಿಗೆಮ್ಮನ ಜಾತ್ರೆಯಲ್ಲಿ ಜೋಗಪ್ಪ ಹೊತ್ತ ಕೊಡಕ್ಕೆ ಭಂಡಾರ ಹಚ್ಚಿ ಕಾಲಿಗೆ ಬೀಳುತ್ತೇವೆ. ಅವರೇ ಬಾಡಿಗೆ ಕೇಳಿ ಬಂದರೆ, “ಮನಿ ಖಾಲಿ ಇಲ್ರಿ.”

ಈ ಬೇಲಿ ಕೀಳುವುದರಲ್ಲಿ ಹೆಂಗಸರಿಗೂ ಪಾಲಿದೆ. ನಾಟಿ ಕಾಲದಲ್ಲಿ ದಿನವಿಡೀ ಕೆಸರಲ್ಲಿ ಬಗ್ಗಿದವಳಿಗೆ ಹೆಣ್ಣಾಳಿನ ಕೂಲಿ, ಬದುವಿನ ಮೇಲಿಂದ ಸಸಿಕಟ್ಟು ಎಸೆದವನಿಗೆ ಗಂಡಾಳಿನ ಕೂಲಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ! ಅದೇ ಗದ್ದೆಗೆ ಜೋಗಪ್ಪ ಇಳಿದರೆ ಯಾವ ಕೂಲಿ? ಮಾಲೀಕರನ್ನು ಕೇಳಿ ನೋಡಿ, ತಡವರಿಸುತ್ತಾರೆ. ಕೂಲಿ ನಿಗದಿಯಾಗುವುದು ಕೆಲಸ ನೋಡಿ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯಮಾಡಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1ರ ಮೀಸಲಾತಿ ಕೊಟ್ಟಿತು. ನಮ್ಮೂರ ಗೋಡೆಯಲ್ಲಿ ಮಾತ್ರ ಜಾಗವಿಲ್ಲವೆ?

ಖರ್ಚು ದೊಡ್ಡದಲ್ಲ: ಕತ್ತರಿ, ಗೋಂದು, ಹಳೇ ಪೇಪರು, ಬರೆಯಲು ನಾಲ್ಕು ಹಾಳೆ. ಮುಂದಿನ ಗ್ರಾಮಸಭೆಯಲ್ಲಿ ಗೋಡೆ ಕೇಳೋಣ. ಬರೆದವರ ಹೆಸರಿನ ಹಿಂದೆ ಶ್ರೀ, ಶ್ರೀಮತಿ ಏನೂ ಬೇಡ.