ಕೈಗೆ ಆಪರೇಷನ್ ಆದರೆ ಇಡೀ ಮೈ ಮಲಗಬೇಕೆ?



ಬೈಕಿನಿಂದ ಬಿದ್ದು ಮುಂಗೈ ಮುರಿದವರಿರಲಿ, ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಕೀವು ತುಂಬಿದವರಿರಲಿ, ಮನೆಯವರು ಡಾಕ್ಟರಿಗೆ ಹೇಳುವ ಮಾತು ಒಂದೇ: “ಪೂರ್ತಿ ಎಚ್ಚರ ತಪ್ಪಿಸಿಬಿಡಿ, ಬೆನ್ನಿಗೆ ಮಾತ್ರ ಸೂಜಿ ಬೇಡ.” ಈ ಹಟ ಬಿಡಿ ಎಂದು ಕೇಳಿಕೊಳ್ಳಲು ಈ ಕರಪತ್ರ.

ಕೈಯ ನರಗಳು ಕುತ್ತಿಗೆಯಿಂದ ಹೊರಟು, ಭುಜದ ಮುಂದಿನ ಮೂಳೆಯ ಬಳಿ ಒತ್ತೊತ್ತಾಗಿ ಸೇರಿ, ಕಂಕುಳಿನ ಮೂಲಕ ಇಳಿಯುತ್ತವೆ. ಅವುಗಳ ಸುತ್ತ ಮದ್ದು ಬಿಟ್ಟರೆ ಸುಮಾರು ಅರ್ಧ ಗಂಟೆಯಲ್ಲಿ ಆ ಕೈಯೊಂದೇ ಮರಗಟ್ಟುತ್ತದೆ. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನೂ ಸೂಜಿಯನ್ನೂ ನೋಡಿಕೊಂಡೇ ಚುಚ್ಚಬಹುದು. ಕಾಲಿನ ಆಪರೇಷನ್ನಿಗೆ ಹೆಚ್ಚಾಗಿ ಸ್ಪೈನಲ್, ಅಂದರೆ ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಮದ್ದು, ಕೊಡುತ್ತಾರೆ. ಮೊದಲು ಕಾಲು ಬೆಚ್ಚಗಾಗುತ್ತದೆ, ಆಮೇಲೆ ಭಾರವಾಗುತ್ತದೆ, ಕೊನೆಗೆ ಎತ್ತಲು ಹೋದರೆ ಏಳುವುದೇ ಇಲ್ಲ. ಡಾಕ್ಟರು ಸ್ಪಿರಿಟ್ ಹತ್ತಿ ಸವರಿ “ತಣ್ಣಗಿದೆಯಾ?” ಎಂದು ಕೇಳುತ್ತಾರೆ. ಮುಟ್ಟಿದ್ದು ಒಂದಿಷ್ಟು ತಿಳಿಯಬಹುದು, ನೋವು ತಿಳಿಯಬಾರದು. ತಿಳಿದರೆ ಕೂಡಲೇ ಹೇಳಿ. ಎಚ್ಚರವಾಗಿರಲು ಭಯವೆಂದರೆ ಮಂಪರಿನ ಔಷಧಿ ಕೇಳಬಹುದು.

ಸ್ಪೈನಲ್ ಹೊಸದೇನಲ್ಲ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಅದನ್ನು ಮೊದಲು ಬಳಸಿದ್ದೇ ಕ್ಷಯ ತಗುಲಿದ ಕಾಲಿನ ಕೀಲಿನ ಆಪರೇಷನ್ನಿಗೆ.

ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುನೋವು ಬರುತ್ತದೆಂಬ ಮಾತಿಗೆ ಬರೋಣ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಜೀವನಪೂರ್ತಿ ಬೆನ್ನುನೋವು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೆನ್ನುಹುರಿ ಮುಗಿದ ನಂತರದ ಕೆಳಭಾಗದಲ್ಲಿ ಚುಚ್ಚುತ್ತಾರೆ. ಕೆಲವರಿಗೆ ತಲೆನೋವು ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ. ನರಕ್ಕೆ ಶಾಶ್ವತ ಪೆಟ್ಟಾಗುವುದು ಅತಿ ವಿರಳ.

ಪೂರ್ತಿ ಅರಿವಳಿಕೆ ಕೆಟ್ಟದ್ದೆಂದು ನಾವು ಹೆದರಿಸುತ್ತಿಲ್ಲ. ಸೊಂಟ ಮುರಿದ ವೃದ್ಧರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎರಡು ತಿಂಗಳಲ್ಲಿ ಬದುಕುಳಿದು ನಡೆದಾಡುವ ವಿಷಯದಲ್ಲಿ ಸ್ಪೈನಲ್ ಮೇಲುಗೈ ಸಾಧಿಸಲಿಲ್ಲ. ಆದರೆ ನರಕ್ಕೆ ಮದ್ದು ಕೊಟ್ಟಾಗ ಗಂಟಲಿಗೆ ಕೊಳವೆ ಬೇಕಾಗುವುದಿಲ್ಲ, ವಾಂತಿ ಕಡಿಮೆ. ಆಪರೇಷನ್ ಮುಗಿದ ಮೇಲೂ ಹಲವು ಗಂಟೆ ನೋವಿರುವುದಿಲ್ಲ. ಉಬ್ಬಸದವರಿಗಂತೂ ಕೊಳವೆ ತಪ್ಪುವುದು ಸಣ್ಣ ಲಾಭವಲ್ಲ.

ಆದ್ದರಿಂದ ಸಹಿ ಹಾಕುವ ಮೊದಲು ಅರಿವಳಿಕೆ ಡಾಕ್ಟರನ್ನು ಕೇಳಿ: “ಸಾರ್, ಕೈಯನ್ನಷ್ಟೇ ಮರಗಟ್ಟಿಸಿ ಮಾಡಬಹುದಾ?” ಆಗದು ಎಂದರೆ ಕಾರಣ ಕೇಳಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಸ್ಟ್ರಿಪ್ಪನ್ನೇ ತೋರಿಸಿ. ಹೊಟ್ಟೆ ಖಾಲಿ ಇರಬೇಕೆಂಬ ನಿಯಮ ಇಲ್ಲೂ ಉಂಟು. ಆಪರೇಷನ್ ಆದ ಮೇಲೆ ಸ್ಪರ್ಶ ಮರಳುವವರೆಗೆ ಮರಗಟ್ಟಿದ ಕೈಕಾಲಿಗೆ ಬಿಸಿನೀರು ತಾಗಿಸಬೇಡಿ, ನೋವಿನ ಮಾತ್ರೆಯನ್ನು ಜೋಮು ಇಳಿಯುವ ಮೊದಲೇ ನುಂಗಿ.