ನೋವಿಗೆ ಎಷ್ಟು ಪರ್ಸೆಂಟ್?



ಕಳೆದ ಸಂಚಿಕೆಯ ಹಾಳೆ ಜೋಡಿಸಿ ಪಿನ್ನು ಹೊಡೆಯೋ ದಿನ ಕೆ.ಬಿ. ಬಡಾವಣೆಯ ನಮ್ಮ ಕೋಣೆಗೆ ಬೆಳಿಗ್ಗೆ ಏಳಕ್ಕೆ ಬರಬೇಕಿದ್ದ ಹುಡುಗಿಯೊಬ್ಬಳು ಹನ್ನೊಂದಕ್ಕೆ ಬಂದಳು. ನಮ್ಮಲ್ಲೇ ಒಬ್ಬರು, 'ಏನಮ್ಮಾ, ಕ್ರಾಂತಿ ಮಧ್ಯಾಹ್ನಕ್ಕೆ ಇಟ್ಕೊಂಡಿದೀಯಾ?' ಅಂದರು. ಎಲ್ಲರೂ ನಕ್ಕೆವು. ಆಕೆ ನಗಲಿಲ್ಲ. ಎರಡೂ ಕೈ ಮುಂದೆ ಚಾಚಿದಳು. 'ಅಣ್ಣಾ, ಮುಂಜಾನೆ ಈ ಬೆರಳು ಮಡಚಾಕ ಬರಲ್ಲ. ನಲ್ಲಿ ತಿರುವಾಕ ಬರಲ್ಲ. ಬಿಸಿಲೇರಿದ ಮ್ಯಾಲೆ ಒಂದೊಂದೇ ಬಿಡಸ್ತಾವು' ಅಂದಳು. ಆವತ್ತಿನ ನಮ್ಮ ನಗು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ಈ ಸಲದ ಸಂಪಾದಕೀಯ ಅದರ ಬಗ್ಗೆ.

ಆಕೆಗಿರೋದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಹಳ್ಳಿಗಳ ಕಡೆ 'ವಾಯು' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತಾರೆ. ಇದು ಮುದುಕರ ಮಂಡಿ ಸವೆದ ನೋವಲ್ಲ. ರೋಗಾಣುಗಳ ಜೊತೆ ಹೊಡೆದಾಡಬೇಕಾದ ಮೈಯ ಕಾವಲು ಪಡೆ ತನ್ನ ಕೀಲುಗಳ ಮೇಲೇ ತಿರುಗಿ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಲೂಪಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಟೈಪ್ 1 ಸಕ್ಕರೆ ಕಾಯಿಲೆ, ಇವೆಲ್ಲ ಡಾಕ್ಟರು ಆಟೋಇಮ್ಯೂನ್ ಅಂತ ಕರೆಯುವ ಜಾತಿಗೆ ಸೇರಿದವು. (ಇಲ್ಲೂ ಜಾತಿ ಬಿಡಲಿಲ್ಲ ನೋಡಿ!) ಪೂರ್ತಿ ವಾಸಿಯಾಗೋದಿಲ್ಲ, ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಇಳಿದ ದಿನ ನೋಡಿದವರಿಗೆ ಮನುಷ್ಯ ಗಟ್ಟಿಮುಟ್ಟಾಗಿ ಕಾಣ್ತಾನೆ. ಕಾಯಿಲೆಯ ದೊಡ್ಡ ಮೋಸ ಅದೇ.

ಕಾಯಿಲೆಗೆ ಸರಿಯಾದ ಹೆಸರು ಸಿಗೋದೇ ನಮ್ಮ ಜನಕ್ಕೆ ಒಂದು ಯಾತ್ರೆ. ಮೈಮೇಲೆ ಕಲೆ ಎದ್ದರೆ, ತಲೆಯಲ್ಲಿ ಜಡೆ ಕಟ್ಟಿದರೆ ದೇವಿ ಕರೆದಳು ಅಂತ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದನ್ನು ನಮ್ಮ ಅಜ್ಜಿಯರು ಕಣ್ಣಾರೆ ಕಂಡವರು. ಅದನ್ನು ತಡೆಯುವ ಕಾನೂನು ಕರ್ನಾಟಕಕ್ಕೆ ಬಂದದ್ದು 1982ರಲ್ಲಿ. ಈ ಹುಡುಗಿಯ ಅವ್ವ ದೇವಿಯ ಹತ್ತಿರ ಕರೆದೊಯ್ಯಲಿಲ್ಲ, ದೊಡ್ಡ ಮಾತು. ಆದರೆ ಎರಡು ವರ್ಷ ಎಣ್ಣೆ ತಿಕ್ಕಿದಳು, ಸಂತೆ ಔಷಧಿ ಕೊಡಿಸಿದಳು, ಸಾಲ ಮಾಡಿದಳು. ಎರಡೆರಡು ಮೆಡಿಕಲ್ ಕಾಲೇಜಿರುವ ಈ ದಾವಣಗೆರೆಗೆ ಮಗಳು ಡಿಗ್ರಿ ಓದೋಕೆ ಬಂದ ಮೇಲೇ ರಕ್ತ ಪರೀಕ್ಷೆ ಆಗಿದ್ದು, ವಾರಕ್ಕೊಂದು ಸಲದ ಮಾತ್ರೆ ಶುರುವಾಗಿದ್ದು.

ಇನ್ನು ಸರ್ಟಿಫಿಕೇಟಿನ ಕಥೆ ಕೇಳಿ.

ಆಕೆ ಒಂದು ಆಸ್ಪತ್ರೆಗೆ ಮೂರು ಸಲ ಅಲೆದಳು. ಮೊದಲ ಸಲ ಕಿಟಕಿಯಲ್ಲಿದ್ದವರು ಆಧಾರ್ ನೋಡಿ, 'ನಿಮ್ಮೂರು ಹರಪನಹಳ್ಳಿ ಕಡೆ, ಹೊಸಪೇಟೆಗೆ ಹೋಗಮ್ಮ' ಅಂದರು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತ್ತು, ಆಮೇಲೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆ. ತಾಲ್ಲೂಕು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಓಡಾಡ್ತಾ ಇದೆ. ಅದರ ಹಿಂದೆ ಈ ಹುಡುಗಿಯೂ ಓಡಾಡಬೇಕು! ಎರಡನೇ ಸಲ ಬೆಳಿಗ್ಗೆಯಿಂದ ಕೂರಿಸಿ ಹನ್ನೆರಡೂವರೆಗೆ ಒಳಗೆ ಕರೆದರು. ಅಷ್ಟೊತ್ತಿಗೆ ಬೆರಳು ಬಿಟ್ಟಿದ್ದವು. 'ಕೈ ಚೆನ್ನಾಗೇ ಇದೆಯಲ್ಲ, ಓದೋ ಹುಡುಗಿಗೆ ಯಾಕೆ ಇದೆಲ್ಲ?' ಮೂರನೇ ಸಲ, 'ಈ ಕಾಯಿಲೆ ಲಿಸ್ಟಿನಲ್ಲೇ ಇಲ್ಲ.' ಮೂರೂ ಸಲ ಬಾಯಿಮಾತು. ಒಂದು ಚೀಟಿಯೂ ಇಲ್ಲ.

ಲಿಸ್ಟಿನ ಮಾತು ಅರ್ಧ ಸತ್ಯ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿ ಹೆಸರು ಸಮೇತ ಇದೆ. ರುಮಟಾಯ್ಡ್ ಇಲ್ಲ, ಲೂಪಸ್ ಇಲ್ಲ, ಟೈಪ್ 1 ಸಕ್ಕರೆ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ಚಲನಾ ವೈಕಲ್ಯ ಅಂತ ಇದೆಯಲ್ಲ, ಅದು ಕಾಯಿಲೆಯ ಹೆಸರು ಕೇಳೋದಿಲ್ಲ. ಮೂಳೆ, ಕೀಲು, ಸ್ನಾಯು, ನರಗಳ ತೊಂದರೆಯಿಂದ ಓಡಾಡೋಕೆ, ವಸ್ತು ಎತ್ತಿಡೋಕೆ ಆಗದಿದ್ದರೆ ಸಾಕು. ಅಂದಮೇಲೆ ಕೀಲು ಹಿಡಿದ ಹುಡುಗಿಯನ್ನು ಪರೀಕ್ಷೆ ಮಾಡದೆ ಲಿಸ್ಟು ತೋರಿಸಿ ಕಳಿಸೋದು ತಪ್ಪು. ಜಿಲ್ಲೆಯ ಮಾತೂ ಹಾಗೇ. 2017ರ ನಿಯಮಗಳು ಸ್ವಂತ ಜಿಲ್ಲೆಯ ಆಸ್ಪತ್ರೆಯ ಜೊತೆಗೆ ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯಲ್ಲೂ ಅರ್ಜಿ ಹಾಕಬಹುದು ಅಂದಿವೆ. ಬಂದು ಹೋಗುವ ಕಾಯಿಲೆಗೆ ಕೊಡೋಕಾಗಲ್ಲ ಅಂತ ಯಾರಾದರೂ ಅಂದರೆ ಅದಕ್ಕೂ ಉತ್ತರವಿದೆ: ಸ್ಥಿತಿ ಬದಲಾಗುವ ಸಾಧ್ಯತೆ ಇದ್ದರೆ ಇಷ್ಟು ಅವಧಿಗೆ ಅಂತ ನಮೂದಿಸಿ ಸರ್ಟಿಫಿಕೇಟ್ ಕೊಡುವ ದಾರಿಯನ್ನು ಅದೇ ನಿಯಮಗಳು ಇಟ್ಟಿವೆ.

ಹಾಗಂತ ಕಾನೂನು ನಮ್ಮ ಪರವಾಗಿಯೇ ಇದೆ ಅಂತ ಸುಳ್ಳು ಹೇಳೋದಿಲ್ಲ. ಈ ಪರ್ಸೆಂಟಿನ ಲೆಕ್ಕ ಕೀಲು ಎಷ್ಟು ಬಗ್ಗುತ್ತೆ, ಸ್ನಾಯುವಿನ ಬಲ ಎಷ್ಟು, ಹಿಡಿತ ಎಷ್ಟು ಅಂತ ಅಳೆಯುತ್ತೆ. ಬೆಳಗಿನ ಜಾವದ ಬಿಗಿತಕ್ಕೆ, ಸುಸ್ತಿಗೆ, ನಿದ್ದೆಗೆಟ್ಟ ರಾತ್ರಿಗೆ ಅಲ್ಲಿ ಜಾಗ ಕಮ್ಮಿ. ಬೇಗ ಔಷಧಿ ಶುರು ಮಾಡಿದರೆ ಕೈ ಸೊಟ್ಟಗಾಗದಂತೆ ಉಳಿಸಬಹುದು. ಹಾಗೆ ಉಳಿಸಿಕೊಂಡವಳಿಗೆ ಪರ್ಸೆಂಟ್ ಕಡಿಮೆ, ಔಷಧಿಗೆ ಕಾಸಿಲ್ಲದೆ ಬೆರಳು ಸೊಟ್ಟಗಾದವಳಿಗೆ ಹೆಚ್ಚು! ಕೈ ಪೂರ್ತಿ ಹೋಗಲಿ, ಆಮೇಲೆ ಬಾ ಅನ್ನುವ ನ್ಯಾಯ ಇದು. ಸಕ್ಕರೆ ಕಾಯಿಲೆಯ ಹುಡುಗನಿಗಂತೂ ಕಣ್ಣೋ ಕಾಲೋ ಕೆಟ್ಟ ಮೇಲೇ ಬಾಗಿಲು ತೆರೆಯೋದು.

ನಲವತ್ತು ಪರ್ಸೆಂಟ್ ದಾಟಿದರೆ ಏನು ಸಿಗುತ್ತೆ? ಉನ್ನತ ಶಿಕ್ಷಣದಲ್ಲಿ 5 ಪರ್ಸೆಂಟ್ ಸೀಟು, ಬಸ್ ಪಾಸಿನ ರಿಯಾಯಿತಿ, ಬಡವರಿಗೆ ರಾಜ್ಯದ ಮಾಸಾಶನ 800 ರೂಪಾಯಿ, 75 ದಾಟಿದರೆ 1400. ಕೇಂದ್ರದ ಅಂಗವಿಕಲ ಪಿಂಚಣಿ ಬೇಕಾದರೆ 80 ಪರ್ಸೆಂಟ್ ಇರಬೇಕು. ಕೇಂದ್ರ ಅದಕ್ಕೆ ಕೊಡೋ ಪಾಲು 300 ರೂಪಾಯಿ. ಸರ್ಕಾರಿ ಕೆಲಸದ 4 ಪರ್ಸೆಂಟ್ ಮೀಸಲಾತಿಯಲ್ಲಿ ಚಲನಾ ವೈಕಲ್ಯಕ್ಕೆ ಪಾಲುಂಟು. ಆದರೆ ಪಟ್ಟಿಯಲ್ಲಿ ಹೆಸರಿರುವ ಮಲ್ಟಿಪಲ್ ಸ್ಕ್ಲೆರೋಸಿಸಿಗೆ ಅದರಲ್ಲಿ ಸ್ವಂತ ಪಾಲಿಲ್ಲ. ಹೆಸರು ಕೊಟ್ಟು ಎಲೆ ಹಾಕದ ಊಟ! ಈ ಮೀಸಲಾತಿ ನಮ್ಮ ಪರಿಶಿಷ್ಟರ ಮೀಸಲಾತಿಯನ್ನು ಕಿತ್ತುಕೊಂಡು ಕೊಡುವಂಥದ್ದಲ್ಲ, ಎಲ್ಲ ವರ್ಗಗಳೊಳಗೆ ಅಡ್ಡಲಾಗಿ ಹಾಯುವಂಥದ್ದು. ಎರಡರಲ್ಲಿ ಒಂದನ್ನು ಬಿಡಬೇಕೇನೋ ಅಂತ ಹೆದರಿ ನಮ್ಮ ಹುಡುಗರು ಅರ್ಜಿಯನ್ನೇ ಹಾಕದೆ ಕೂತಿದ್ದಾರೆ. ಹೆದರಬೇಡಿ, ಎರಡನ್ನೂ ಬರೆಯಿರಿ.

ನಲವತ್ತಕ್ಕಿಂತ ಕಮ್ಮಿ ಬಂದರೂ ಎಲ್ಲ ಮುಗೀತು ಅಂತಲ್ಲ. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಅನ್ನುವ ಅಭ್ಯರ್ಥಿಗೆ ಯುಪಿಎಸ್‌ಸಿ ಬರಹಗಾರನನ್ನು ಕೊಡಲಿಲ್ಲ. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2021ರ ಫೆಬ್ರವರಿ 11ರಂದು ಕೋರ್ಟು, ಬರಹಗಾರನ ಹಕ್ಕು 40 ಪರ್ಸೆಂಟ್ ಇದ್ದವರ ಸೊತ್ತಲ್ಲ ಅಂತ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, 40ಕ್ಕಿಂತ ಕಮ್ಮಿ ಇದ್ದು ಬರೆಯೋಕೆ ಕಷ್ಟಪಡುವವರಿಗೂ ಬರಹಗಾರ, ಗಂಟೆಗೆ 20 ನಿಮಿಷ ಹೆಚ್ಚು ಸಮಯ ಅಂತ ಮಾರ್ಗಸೂಚಿ ಹೊರಡಿಸಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಈ ಹುಡುಗಿ ಪ್ರತಿ ಸೆಮಿಸ್ಟರಿನಲ್ಲೂ ಕೊನೆಯ ಎರಡು ಪ್ರಶ್ನೆ ಬಿಟ್ಟು ಬರುತ್ತಿದ್ದಳು. ಗೊತ್ತಿಲ್ಲದೆ ಅಲ್ಲ, ಬೆರಳು ನಿಂತು.

ಈಗ ಕೆಲಸದ ಮಾತು. ಅರ್ಜಿ ಯು.ಡಿ.ಐ.ಡಿ. ಪೋರ್ಟಲಿನಲ್ಲಿ ಹಾಕಬೇಕು, ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಸರ್ಟಿಫಿಕೇಟ್ ಕೊಡಲು 2017ರ ನಿಯಮದಲ್ಲಿ ಒಂದು ತಿಂಗಳ ಗಡುವಿತ್ತು, 2024ರ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಯಿತು. ಕೊಡುವುದಿಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಆ ಕಾಗದವಿಲ್ಲದೆ ಮೇಲ್ಮನವಿ ಕಷ್ಟ, ಬಾಯಿಮಾತಿನಲ್ಲಿ ಸಾಗಹಾಕೋದು ಅದಕ್ಕೇ. ಮೇಲ್ಮನವಿಗೆ 90 ದಿನ ಇದೆ. ತಪಾಸಣೆಗೆ ಬೆಳಗಿನ ಹೊತ್ತೇ ಕರೆಯಿರಿ ಅಂತ ಅರ್ಜಿಯಲ್ಲೇ ಬರೆಯಿರಿ. ಎಷ್ಟು ಗಂಟೆಗೆ ಎದ್ದೆ, ಬೆರಳು ಯಾವಾಗ ಬಿಟ್ಟವು, ಏನು ಮಾಡೋಕೆ ಆಗಲಿಲ್ಲ ಅಂತ ಒಂದು ನೋಟ್‌ಬುಕ್ ಇಡಿ. ಚಿಕಿತ್ಸೆ ಕೊಡುವ ಡಾಕ್ಟರಿಂದಲೂ ಅದನ್ನೇ ಬರೆಸಿಕೊಳ್ಳಿ. ಆಸ್ಪತ್ರೆಯ ಗೇಟಿನಲ್ಲಿ 'ಇಷ್ಟು ಕೊಟ್ರೆ ಇಷ್ಟು ಪರ್ಸೆಂಟ್' ಅನ್ನೋ ದಲ್ಲಾಳಿಗಳ ಹತ್ತಿರ ಸುಳಿಯಬೇಡಿ. ಉಳ್ಳವರು ಸುಳ್ಳು ಸರ್ಟಿಫಿಕೇಟು ಮಾಡಿಸಿ ಸಿಕ್ಕಿಬಿದ್ದಾಗಲೆಲ್ಲ ಅನುಮಾನದ ಕಣ್ಣು ಬೀಳೋದು ನಿಜವಾದ ರೋಗಿಯ ಮೇಲೆ.

ಪಟ್ಟಿಗೆ ಹೊಸ ಹೆಸರು ಸೇರಿಸೋಕೆ ಪಾರ್ಲಿಮೆಂಟಿನಲ್ಲಿ ಹೊಸ ಕಾಯ್ದೆ ಬೇಕಾಗಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಸಾಕು ಅಂತ ಕಾಯ್ದೆಯ ಅನುಸೂಚಿಯ ಕೊನೆಯಲ್ಲೇ ಇದೆ. ನಮ್ಮ ಮುಂದಿನ ಮನವಿ ಪತ್ರದಲ್ಲಿ ಈ ಬೇಡಿಕೆ ಇರಬೇಕು.

ಆದರೆ ಹಾಸ್ಟೆಲಿನೊಳಗಿನ ಕೆಲಸಕ್ಕೆ ಯಾವ ಅಧಿಸೂಚನೆ ಬೇಕು? ಮೇಲಿನ ಮಹಡಿಯ ಹುಡುಗಿಗೆ ಕೆಳಗಿನ ಕೋಣೆ ಬಿಟ್ಟುಕೊಡೋಕೆ, ಆಕೆಯ ಬಕೆಟ್ಟು ತುಂಬಿಡೋಕೆ, ಇನ್ಸುಲಿನ್ ಇಡೋಕೆ ಫ್ರಿಜ್ಜಿನಲ್ಲಿ ಜಾಗ ಕೊಡಿ ಅಂತ ವಾರ್ಡನ್ ಹತ್ತಿರ ಹತ್ತು ಜನ ಹೋಗಿ ಕೇಳೋಕೆ ಪರ್ಸೆಂಟ್ ನೋಡಬೇಕಾ? ಸಂವಿಧಾನ ಬರೆಯುತ್ತಿದ್ದ ವರ್ಷಗಳಲ್ಲಿ ಬಾಬಾಸಾಹೇಬರು ಸಕ್ಕರೆ ಕಾಯಿಲೆಯಿಂದ, ಕಾಲಿನ ನರಗಳ ನೋವಿನಿಂದ ನರಳುತ್ತಿದ್ದರು. ನಮ್ಮ ಗೋಡೆಯ ಚಿತ್ರದಲ್ಲಿ ಮಾತ್ರ ಅವರು ಬೆರಳೆತ್ತಿ ನಿಂತೇ ಇದ್ದಾರೆ. ಮೆರವಣಿಗೆಯ ಮುಂದೆ ಬಾವುಟ ಹಿಡಿಯುವ ಗಟ್ಟಿ ಕೈಯನ್ನಷ್ಟೇ ಕಾರ್ಯಕರ್ತ ಅಂತ ನಾವು ಎಣಿಸಿದ್ದೇವೆ. ಆಸ್ಪತ್ರೆಯವರು ಹನ್ನೆರಡೂವರೆಗೆ ಮಾಡಿದ್ದನ್ನೇ ನಾವು ಹನ್ನೊಂದಕ್ಕೆ ಮಾಡಿದ್ದೆವು.

ಆಕೆಯ ಅರ್ಜಿ ಮತ್ತೆ ಹೋಗಿದೆ, ಚಿಕಿತ್ಸೆಯ ಕಾಗದ ಸಮೇತ. ಈ ಸಲ ಜೊತೆಗೆ ಇಬ್ಬರು ಹೋಗ್ತಾರೆ. ಒಬ್ಬಳು ಹರಿಹರದಿಂದ ಮೊದಲ ಬಸ್ಸಿಗೆ ಬರ್ತಾಳೆ. ನಿಮ್ಮ ಹಾಸ್ಟೆಲಿನಲ್ಲಿ ಇಂಥವರಿದ್ದರೆ ಕಾಗದಪತ್ರ ತಗೊಂಡು ಭಾನುವಾರ ಕೆ.ಬಿ. ಬಡಾವಣೆಯ ಕೋಣೆಗೆ ಕರೆದುಕೊಂಡು ಬನ್ನಿ, ಕೂತು ಅರ್ಜಿ ತುಂಬೋಣ. ಇನ್ನು ಮುಂದೆ ಹಾಳೆ ಜೋಡಿಸುವ ಕೆಲಸ ಬೆಳಿಗ್ಗೆ ಏಳಕ್ಕಲ್ಲ, ಹನ್ನೊಂದಕ್ಕೆ.