ಉಪ್ಪಿಟ್ಟಿಗೆ ಇಂಗ್ಲಿಷ್ ಒಗ್ಗರಣೆ ಯಾಕೆ?

“ಕನ್ನಡ ಅನ್ನ ಕೊಡುವುದಿಲ್ಲ” ಎಂಬ ಹಳೇ ರಾಗವನ್ನು ನೀವೂ ಕೇಳಿದ್ದೀರಿ. ಹಾಗೆನ್ನುವವರ ಕೈ ಹಿಡಿದು ಬೆಂಗಳೂರಿನ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ. ವಿದ್ಯಾರ್ಥಿ ಭವನದ ಬಾಗಿಲ ಮುಂದೆ ನಿಲ್ಲಿಸಿ. 1943ರಲ್ಲಿ ವೆಂಕಟರಮಣ ಉರಾಳರು ಶುರು ಮಾಡಿದ ತಿಂಡಿ ಹೋಟೆಲು ಅದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರು ಬಂದು ತಿನ್ನುತ್ತಿದ್ದರು, ಹೆಸರೂ ಅದೇ ಆಯಿತು. ಮಾಲೀಕರು ಬದಲಾದರು, ಬೆಂಗಳೂರೇ ಬದಲಾಯಿತು, ಹೆಸರು ಬದಲಾಗಲಿಲ್ಲ. ‘ಸ್ಟೂಡೆಂಟ್ಸ್ ಕೆಫೆ’ ಆಗಲಿಲ್ಲ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ಎಂಬತ್ತು ವರ್ಷ ದಾಟಿದರೂ ರಜಾದಿನದ ಬೆಳಿಗ್ಗೆ ಒಂದು ಮಸಾಲೆ ದೋಸೆಗಾಗಿ ಜನ ಪಾಳಿ ಹಚ್ಚಿ ನಿಲ್ಲುತ್ತಾರೆ. ಈಗ ಹೇಳಲಿ, ಕನ್ನಡ ಅನ್ನ ಕೊಡುವುದಿಲ್ಲವೇ?

ದಾವಣಗೆರೆಯನ್ನು ನೋಡಿ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿರುವ ಊರು. ಆ ಊರಿನ ದೋಸೆ ‘ಬೆಣ್ಣೆ ದೋಸೆ’ಯಾಗಿಯೇ ನಾಡೆಲ್ಲ ತಿರುಗಿತು. ಯಾರೂ ಅದನ್ನು ‘ಬಟರ್ ದೋಸಾ’ ಮಾಡಿ ಮಾರಬೇಕಾಗಲಿಲ್ಲ. ಮುಂಬೈಯ ಬಾಂದ್ರಾದಲ್ಲಿ 2024ರಲ್ಲಿ ದೋಸೆ ಹೋಟೆಲು ತೆರೆದವರು ಅದಕ್ಕೆ ಇಟ್ಟ ಹೆಸರೇ ‘ಬೆಣ್ಣೆ’! ಮುಂಬೈಯಲ್ಲಿ ಕನ್ನಡದ ಮಾತಿಗೆ ಬೆಲೆ ಇದೆ ಎಂದಾಯಿತು.

ಇನ್ನು ನಮ್ಮ ಕಡೆ ಬನ್ನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ಊರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಬಾರದ ಗಿರಾಕಿ ಯಾರಿದ್ದಾನೆ, ತೋರಿಸಿ! ಆದರೆ ಕಾಲೇಜಿನ ಮಗ್ಗುಲಲ್ಲಿ, ಬಸ್ ಸ್ಟ್ಯಾಂಡಿನ ಎದುರಿಗೆ ಹೊಸದಾಗಿ ಬಣ್ಣ ಹೊಡೆಸಿದ ಹೋಟೆಲು ಹೊಕ್ಕರೆ ಮೇಜಿನ ಮೇಲೆ ಇಂಗ್ಲಿಷ್ ಮೆನು. ನಮ್ಮ ಉಪ್ಪಿಟ್ಟು ‘ಉಪ್ಮಾ’ ಆಗಿದೆ. ಅವಲಕ್ಕಿ ‘ಪೋಹಾ’ ಆಗಿದೆ. ಚಿತ್ರಾನ್ನ ‘ಲೆಮನ್ ರೈಸ್’, ಮೊಸರನ್ನ ‘ಕರ್ಡ್ ರೈಸ್’. ಸೂಸಲಾ, ಗಿರಮಿಟ್ಟಿಗೆ ಇಂಗ್ಲಿಷ್ ಹೆಸರು ಹೊಳೆಯದ್ದಕ್ಕೆ ಪಟ್ಟಿಯಿಂದಲೇ ಕಿತ್ತು ಹಾಕಿದವರಿದ್ದಾರೆ! ಒಳಗೆ ಒಲೆಯ ಮುಂದೆ ಭಟ್ಟರು ಕೂಗುವುದು ಕನ್ನಡ, ಹೊರಗೆ ಮೇಜಿನ ಮೇಲೆ ಇಂಗ್ಲಿಷ್. ಬೆವರು ಸುರಿಸುವಾಗ ಕನ್ನಡ, ಮೆರೆಯುವಾಗ ಇಂಗ್ಲಿಷ್. ಇದ್ಯಾವ ನ್ಯಾಯ ಸ್ವಾಮಿ?

ನಾನು ಅಚ್ಚುಕೂಟ ನಡೆಸುವವನು. ಮೆನು ಕಾರ್ಡು ಅಚ್ಚಿಗೆ ಬರುವುದು ನಮ್ಮಂಥವರ ಕಡೆಗೇ. “ಕನ್ನಡದಾಗ ಹಾಕೋಣೇನ್ರಿ?” ಎಂದರೆ ಬರುವ ಉತ್ತರ ಒಂದೇ: “ಬ್ಯಾಡ್ರಿ, ಸ್ಟ್ಯಾಂಡರ್ಡ್ ಕಾಣಂಗಿಲ್ಲ.” ಆದ್ದರಿಂದ ಲೆಕ್ಕ ಹೇಳುತ್ತೇನೆ ಕೇಳಿ. ಆಫ್‌ಸೆಟ್ ಪ್ಲೇಟಿಗೆ ಭಾಷೆ ಇಲ್ಲ. ಅದೇ ಮಸಿ, ಅದೇ ಕಾಗದ, ಅದೇ ಲ್ಯಾಮಿನೇಷನ್. ಕನ್ನಡದಲ್ಲಿ ಹಾಕಿದರೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಟೈಪ್ ಮಾಡುವುದು ಕಷ್ಟ ಎನ್ನುವ ಕಾಲವೂ ಹೋಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಎರಡು ದಶಕ ದಾಟಿತು. ಯುನಿಕೋಡ್ ಬಂದ ಮೇಲೆ ಕಿಸೆಯ ಮೊಬೈಲಿನಲ್ಲೇ ಕನ್ನಡ ಒತ್ತಬಹುದು. ಅಡ್ಡಿ ಇರುವುದು ತಂತ್ರಜ್ಞಾನದಲ್ಲಿ ಅಲ್ಲ, ಖರ್ಚಿನಲ್ಲೂ ಅಲ್ಲ. ತಲೆಯಲ್ಲಿ!

ಇದರಿಂದ ಯಾರಿಗೆ ನಷ್ಟ? ನೇಸರಗಿಯಿಂದಲೋ ಮುನವಳ್ಳಿಯಿಂದಲೋ ಕಟಕೋಳದಿಂದಲೋ ಮೊದಲ ಬಸ್ಸು ಹಿಡಿದು ಪಿಯುಸಿ ಓದಲು ಬರುವ ಹುಡುಗಿಗೆ. ಕನ್ನಡ ಶಾಲೆಯಲ್ಲಿ ಓದಿ, ಒಳ್ಳೇ ಅಂಕ ತೆಗೆದು, ಗೆಳತಿಯರ ಜೊತೆ ಮೊದಲ ಸಲ ಹೋಟೆಲಿಗೆ ಬಂದವಳು ಆ ಕಾರ್ಡು ಹಿಡಿದು ಸುಮ್ಮನಾಗುತ್ತಾಳೆ. ಪಕ್ಕದವಳು ಹೇಳಿದ್ದನ್ನೇ ತಾನೂ ಹೇಳುತ್ತಾಳೆ. ಅವ್ವ ದಿನಾ ಮಾಡುವ ಉಪ್ಪಿಟ್ಟಿನ ಹೆಸರು ಅವಳಿಗೇ ಪರಕೀಯ! ಯಲ್ಲಮ್ಮನ ಜಾತ್ರೆಗೆ ಬಂದ ರೈತ, ರಾಮದುರ್ಗದ ನೇಕಾರ, ಇವರ ಪಾಡೂ ಅದೇ. “ನಿನ್ನಂಥವರಿಗೆ ಈ ಜಾಗ ಅಲ್ಲ” ಎಂದು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಕಾರ್ಡು ಹೇಳುತ್ತದೆ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು ಮಾಡಿದರು. ಅದು ಕನ್ನಡಿಗರು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದ ಮೇಲೆ ಬಂದದ್ದು, ತಾನಾಗಿ ಬಂದದ್ದಲ್ಲ. ಆದರೆ ಅದು ಬಾಗಿಲ ಮೇಲಿನ ಫಲಕದ ಮಾತು. ಫಲಕಕ್ಕೆ ಕನ್ನಡ ಬಳಿದು ಒಳಗೆ ಇಂಗ್ಲಿಷ್ ಬಡಿಸಿದರೆ? ಅದನ್ನು ಕೇಳಬೇಕಾದವರು ಗಿರಾಕಿಗಳು. ಅಂದರೆ ನೀವು.

ಕೇಳಿದರೆ ಆಗುತ್ತದೆ. 2023ರ ಮಾರ್ಚಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಮ್ಮ ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಅಚ್ಚು ಹಾಕಿ, ‘ಮೊಸರು’ ಎಂಬುದನ್ನು ಕಂಸದಲ್ಲಿಡಿ ಎಂದಿತು. ನಮ್ಮ ನೆಲದ ಮೊಸರು ಕಂಸದೊಳಗೆ! ಕರ್ನಾಟಕ, ತಮಿಳುನಾಡು ಎರಡೂ ಕಡೆ ಜನ ಸಿಡಿದೆದ್ದರು. ಅದೇ ತಿಂಗಳು ಮುಗಿಯುವ ಮೊದಲು ಪ್ರಾಧಿಕಾರ ತನ್ನ ಆದೇಶ ತಿದ್ದಿಕೊಂಡಿತು. ದಿಲ್ಲಿಯನ್ನೇ ಬಗ್ಗಿಸಿದವರು ನಾವು. ನಮ್ಮೂರ ಹೋಟೆಲಿನ ಗಲ್ಲೆಯ ಮುಂದೆ ಯಾಕೆ ಮೂಕರಾಗುತ್ತೇವೆ?

ಚಳವಳಿಯ ಗೆಳೆಯರಿಗೂ ಒಂದು ಮಾತು. ಬೆಳಗಾವಿಯಲ್ಲಿ ಮರಾಠಿ ಫಲಕ ಕಂಡರೆ ಕೆರಳುವ ನಾವು ಇಂಗ್ಲಿಷ್ ಮೆನು ಕಂಡರೆ ತಿಂದು, ಕೈತೊಳೆದು ಬರುತ್ತೇವೆ. ಕಿತ್ತೂರಿನ ಗೆಲುವಿಗೆ 2024ರಲ್ಲಿ 200 ವರ್ಷ ತುಂಬಿತು. ಬ್ಯಾನರು, ಕರಪತ್ರ, ಜೈಕಾರ ಎಲ್ಲ ಅಚ್ಚಗನ್ನಡ. ಆದರೆ ಉತ್ಸವಕ್ಕೆ ಮೂರು ದಿನ, ತಿಂಡಿಗೆ 365 ದಿನ. ಮೂರು ದಿನದ ಕನ್ನಡದಿಂದ ಭಾಷೆ ಉಳಿಯುವುದಿಲ್ಲ.

ಹೊರಗಿನಿಂದ ಬಂದವರಿಗೆ ಕೆಳಗೆ ಇಂಗ್ಲಿಷಿನಲ್ಲೂ ಇರಲಿ, ನಮಗೇನೂ ಸಿಟ್ಟಿಲ್ಲ. ಅತಿಥಿಗೆ ದಾರಿ ತೋರಿಸೋಣ. ಆದರೆ ಮನೆಯವರನ್ನು ಹೊರಗೆ ನಿಲ್ಲಿಸಿ ಅಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಿ. ಬೆಂಗಳೂರಲ್ಲಿರಿ, ಧಾರವಾಡದಲ್ಲಿರಿ, ಬೈಲಹೊಂಗಲದಲ್ಲಿರಿ. ಹೋಟೆಲಿಗೆ ಹೋದಾಗ ಕನ್ನಡದ ಕಾರ್ಡು ಕೇಳಿ. ಇಲ್ಲವೆಂದರೆ ಯಾಕಿಲ್ಲ ಎಂದು ಕೇಳಿ. ‘ಒನ್ ಪ್ಲೇಟ್ ಉಪ್ಮಾ’ ಎನ್ನಬೇಡಿ, “ಒಂದು ಉಪ್ಪಿಟ್ಟು ಕೊಡ್ರಿ” ಎನ್ನಿ. ಮಾಲೀಕರು ಬರೆಯುವವರಿಲ್ಲ ಎಂದರೆ ನೀವೇ ಕೂತು ಮೊಬೈಲಿನಲ್ಲಿ ಪಟ್ಟಿ ಮಾಡಿಕೊಡಿ, ಯಾವ ಪ್ರೆಸ್ಸಿನವನೂ ಅಚ್ಚು ಹಾಕಿಕೊಡುತ್ತಾನೆ. ಹತ್ತು ಹುಡುಗರು ಹತ್ತು ದಿನ ಕೇಳಿದರೆ ಹನ್ನೊಂದನೇ ದಿನ ಕನ್ನಡ ಮೇಜಿಗೆ ಬರುತ್ತದೆ. ದುಡ್ಡು ಕೊಡುವ ಕೈ ನಿಮ್ಮದು!

ಕಲ್ಲು ಬೇಡ. ಫಲಕಕ್ಕೆ ಮಸಿ ಬಳಿಯುವುದೂ ಬೇಡ. ಮಸಿ ನಮ್ಮ ಅಚ್ಚುಕೂಟದಲ್ಲೇ ಇರಲಿ, ಕನ್ನಡ ಅಚ್ಚು ಹಾಕಲು.